ಹೂಂ ಅಂದ ಮೀನು

ಆ ಊರಿನ ಹೆಸರು ಹೇಳಿದರೆ ಊರಿನವರು ಜಗಳಕ್ಕೆ ಬರುತ್ತಾರೆ, ಹಾಗಾಗಿ ಹೆಸರು ಬೇಡ. ನದಿಗೆ ಜಗಳವಾಡುವ ಚಟವಿಲ್ಲ. ಆದರೂ ಊರಿನ ಹೆಸರು ಬಿಟ್ಟು ನದಿಯ ಹೆಸರು ಮಾತ್ರ ಹೇಳಿದರೆ ಪಕ್ಷಪಾತವಾಗುತ್ತದೆ, ಅದೂ ಬೇಡ. ಇಷ್ಟು ತಿಳಿದರೆ ಸಾಕು: ನದಿ ತಣ್ಣಗಿತ್ತು, ಊರು ಅದರ ದಡದಲ್ಲಿತ್ತು, ಎಲೆ ಉದುರುವ ಕಾಲಕ್ಕೆ ಸಮುದ್ರದ ಕಡೆಯಿಂದ ಏರುಮೀನು ಬರುತ್ತಿತ್ತು. ಪುಸ್ತಕ ಓದಿದವರು ಅದನ್ನು ಸಾಲ್ಮನ್ ಅನ್ನುತ್ತಾರೆ. ಊರಿನವರು ಹೊಳೆ ಏರಿ ಬರುವ ಮೀನನ್ನು ಏರುಮೀನು ಅಂದರು, ಅಲ್ಲಿಗೆ ಮುಗಿಯಿತು.

ಏರುಮೀನು ತಾನು ಹುಟ್ಟಿದ ಜಾಗಕ್ಕೇ ಹೋಗಿ ತತ್ತಿಯಿಡಲು ಹೊರಟ ಮೀನು. ಹೊರಟ ಮೇಲೆ ಅದು ಏನೂ ತಿನ್ನುವುದಿಲ್ಲ. ಹಸಿವನ್ನು ಸಮುದ್ರದಲ್ಲೇ ಬಿಟ್ಟು ಬಂದಿರುತ್ತದೆ. ಹಾಗಿದ್ದೂ ಅದರ ಮೂತಿಯ ಮುಂದೆ ತತ್ತಿಯ ಸಣ್ಣ ಮುದ್ದೆಯೊಂದು ತೇಲಿಹೋದರೆ ಕೆಲವು ಮೀನು ಬಾಯಿ ತೆರೆದು ಹಿಡಿಯುತ್ತವೆ, ಕೆಲವು ಹಿಡಿಯುವುದಿಲ್ಲ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರ ಮೇಲೆ ಊರಿನ ಹಿರಿಯರು ಒಂದು ಕಾನೂನು ಕಟ್ಟಿದರು. ಹಿರಿಯರಿಗೆ ಬೇರೆ ಕೆಲಸವೂ ಇರಲಿಲ್ಲ. ಹಸಿವಿಲ್ಲದೆಯೂ ಬಾಯಿ ತೆರೆದ ಮೀನು ತಾನಾಗಿಯೇ ಒಪ್ಪಿ ಬಂದ ಮೀನು, ಅದು ಹೂಂ ಅಂದಿದೆ. ಗಾಳ ಬೆನ್ನಿಗೋ ಬಾಲಕ್ಕೋ ಹೊಟ್ಟೆಗೋ ಚುಚ್ಚಿಕೊಂಡು ಬಂದ ಮೀನು ಹೂಂ ಅಂದಿಲ್ಲ.

ಹೂಂ ಅಂದದ್ದು ನಮ್ಮದು, ಅನ್ನದ್ದು ನದಿಯದು. ಕಾನೂನು ಇಷ್ಟೇ.

ಇಷ್ಟೇ ಕಾನೂನಿಗೆ ಒಬ್ಬ ಅಧಿಕಾರಿ ಬೇಕಾಯಿತು. ಅವನೇ ಬಾಯಿನೋಟದವನು. ಯಾರು ಮೀನು ಹಿಡಿದರೂ ಎರಡು ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿಯಬೇಕು. ಅವನು ಮೀನಿನ ಬಾಯಗಲಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಲ್ಲಿ ಒಳಗೆ ನೋಡಬೇಕು. ಗಾಳ ಬಾಯಲ್ಲಿದ್ದರೆ ನದಿಯ ಆಚೆ ದಡಕ್ಕೂ ಕೇಳುವ ಹಾಗೆ "ಹೂಂ ಅಂದಿದೇ!" ಎಂದು ಕೂಗಬೇಕು. ಮೀನಿನ ತಲೆ ಅವನ ಪಾಲು. ಗಾಳ ಬೇರೆಲ್ಲಾದರೂ ಇದ್ದರೆ ಹಿಡಿದವನು ತಾನೇ ಮೊಣಕಾಲುದ್ದ ನೀರಿಗಿಳಿದು, ಮೀನನ್ನು ಎರಡು ಕೈಯಲ್ಲಿ ಹರಿವಿಗೆ ಎದುರಾಗಿ ಹಿಡಿದು, ಅದಕ್ಕೆ ಉಸಿರು ಮರಳಿ ಅದು ತಾನಾಗಿ ಕೈ ಕೊಸರಿಕೊಂಡು ಹೋಗುವ ತನಕ ಕಾದು, "ತಪ್ಪಾಯ್ತು ತಾಯಿ" ಅನ್ನಬೇಕು. ಆಗ ಬಾಯಿನೋಟದವನಿಗೆ ತಲೆಯಿಲ್ಲ. ತಲೆಯಿಲ್ಲದ ದಿನ ಮನೆಯಲ್ಲಿ ಸಾರೂ ಇಲ್ಲ. ಹಾಗಾಗಿ ಬರಬರುತ್ತಾ ಅವನ ಕಣ್ಣಿಗೆ ಮೀನಿನ ಬಾಯಿ ಕಿವಿರಿನ ತನಕವೂ, ಕೆಲವು ದಿನ ಹೊಟ್ಟೆಯ ತನಕವೂ ಹಬ್ಬಿದಂತೆ ಕಾಣತೊಡಗಿತು. ಬಡಪಾಯಿಗೆ ಮಕ್ಕಳು ಜಾಸ್ತಿ.

ಕಾನೂನು ಮೀನಿಗಷ್ಟೇ ನಿಲ್ಲಲಿಲ್ಲ, ತುರಿಕೆಯ ಹಾಗೆ ಮನುಷ್ಯರಿಗೂ ಹತ್ತಿತು. ಮನೆ ಕೊಳ್ಳುವವನು ಹೂಂ ಅನ್ನಬೇಕು, ದೋಣಿ ಮಾರುವವನು ಹೂಂ ಅನ್ನಬೇಕು. ಹೆಣ್ಣಿನ ಕಡೆಯಿಂದ ಒಂದು ಹೂಂ ಬಂದರೆ ಮದುವೆ ಆದಂತೆ, ಹಾರ ತರುವುದೊಂದೇ ಬಾಕಿ. ಊರಿನ ಬೆಕ್ಕುಗಳು ಮಾತ್ರ ಈ ಕಾನೂನನ್ನು ಯಾವತ್ತೂ ಒಪ್ಪಲಿಲ್ಲ. ಅವು ಯಾರ ಹೂಂಗೂ ಕಾಯದೆ ತಿಂದು, ಮೂತಿ ಒರೆಸಿಕೊಂಡು ಆರಾಮವಾಗಿದ್ದವು.

ಈ ಊರಿನಲ್ಲಿ ಒಬ್ಬ ಬೆಂಡಿನವಳಿದ್ದಳು. ಗಾಳದ ದಾರಕ್ಕೆ ಕಟ್ಟುವ ಬೆಂಡು ಮಾಡುವುದು ಅವಳ ಕಸುಬು. ಜೊಂಡಿನ ಹಗುರ ದಿಂಡನ್ನು ಕೆತ್ತಿ, ನಯ ಮಾಡಿ, ತುದಿಗೆ ಕೆಂಪು ಬಳಿದು, ದಾರ ಸುತ್ತುವಳು. ಬೆಂಡು ನೀರಿನ ಜೊತೆ ನೀರಿನ ನಡಿಗೆಯಲ್ಲೇ ಹೋಗಬೇಕು. ಅದರ ಕೆಳಗೆ ದಾರ, ದಾರದ ಕೊನೆಗೆ ಗಾಳ, ಗಾಳಕ್ಕೆ ಉಪ್ಪು ಹಚ್ಚಿ ಬಾಡಿಸಿದ ತತ್ತಿಯ ಮುದ್ದೆ. ತತ್ತಿ ನದಿಯ ತಳಕ್ಕೆ ತಾಗದೆ, ತಳದಿಂದ ಗೇಣು ಮೇಲೆ ಸುಮ್ಮನೆ ಹೋಗುತ್ತಿರಬೇಕು. ಮೀನಿಗೆ ಬೇಕಾದರೆ ಹಿಡಿಯಲಿ, ಬೇಡವಾದರೆ ಬಿಡಲಿ. ಬೆಂಡು ಮುಳುಗಿದಾಗಷ್ಟೇ ಎಳೆಯಬೇಕು. ಬೆಂಡಿನವಳಿಗೆ ಈ ಆಟ ಇಷ್ಟವಾಗಿತ್ತು. ದಿನವಿಡೀ ಬೆಂಡು ತೇಲಿಹೋಗಿ ಒಂದು ಮೀನೂ ಹೂಂ ಅನ್ನದ ದಿನಗಳೇ ಹೆಚ್ಚು. ಆ ದಿನಗಳಲ್ಲಿ ಅವಳು ಗಂಜಿ ಕುಡಿದು, ನದಿಗೆ ನಾಲ್ಕು ಬೈದು, ಮಲಗುವಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಕುಳಿತುಕೊಳ್ಳಲು ನದಿಯ ತಿರುವಿನಲ್ಲಿ ಒಂದು ಬಂಡೆಯಿತ್ತು. ಅದು ತನ್ನದೆಂದು ಅವಳು ನಂಬಿದ್ದಳು, ಆ ನಂಬಿಕೆಯಲ್ಲೇ ಸುಖವಾಗಿದ್ದಳು.

ತಿರುವಿನಿಂದ ಸ್ವಲ್ಪ ಕೆಳಗೆ ಊರಿನ ಅತಿ ಆಳದ ಮಡು. ಅದಕ್ಕೊಬ್ಬ ಯಜಮಾನ. ಮಡುವಿನ ಯಜಮಾನ ಬೆಂಡು ಕಟ್ಟುತ್ತಿರಲಿಲ್ಲ. ದಾರಕ್ಕೆ ಭಾರದ ಸೀಸದ ಗುಂಡು ಕಟ್ಟಿ, ನದಿಗೆ ಅಡ್ಡಲಾಗಿ ಎಸೆದು, ನೆಲ ಗುಡಿಸಿದ ಹಾಗೆ ಎಳೆಯುವನು. ಮೀನು ಉಸಿರಾಡಲು ಬಾಯಿ ಕಳೆದು ನಿಂತಿರುತ್ತದೆ. ದಾರ ಆ ತೆರೆದ ಬಾಯಿಯೊಳಗಿಂದ ಜಾರುತ್ತಾ ಜಾರುತ್ತಾ ಹೋಗಿ, ಕೊನೆಗೆ ಗಾಳ ಬಂದು ದವಡೆಗೆ ಹೊರಗಿನಿಂದ ಚುಚ್ಚುತ್ತದೆ. ಗಾಳಕ್ಕೆ ಅವನೂ ಒಂದಿಷ್ಟು ತತ್ತಿ ಸಿಕ್ಕಿಸುತ್ತಿದ್ದ, ಹಣೆಗೆ ವಿಭೂತಿ ಬಳಿದ ಹಾಗೆ, ಮರ್ಯಾದೆಗೆ. ಬಾಯಿನೋಟದವನು ಗಾಳ ಒಳಗಿನಿಂದ ಚುಚ್ಚಿದೆಯೋ ಹೊರಗಿನಿಂದಲೋ ಎಂದು ನೋಡುತ್ತಿರಲಿಲ್ಲ. "ಬಾಯಿಗೇ ಬಿದ್ದಿದೆಯಲ್ಲ, ಇನ್ನೇನು" ಎಂದು ಕೂಗಿಬಿಡುತ್ತಿದ್ದ. ಮಡುವಿನ ಯಜಮಾನನ ಮೀನುಗಳ ತಲೆ ದೊಡ್ಡದಾಗಿರುತ್ತಿತ್ತು.

ಮೀನು ಹಿಡಿಯುವುದು ಬಿಟ್ಟರೆ ಯಜಮಾನನಿಗೆ ಗೊತ್ತಿದ್ದದ್ದು ಕಥೆ ಹೇಳುವುದು. ಕಥೆಯೆಂದರೆ ಅವನೇ ಹಿಡಿದ ಮೀನುಗಳ ಕಥೆ. ಅವನ ಮೊದಲ ಹೆಂಡತಿ ಇಂಥದೊಂದು ಕಥೆ ಕೇಳುತ್ತಲೇ ಕಣ್ಣು ಮುಚ್ಚಿದಳು. ಹೂಂ ಬರುವುದು ನಿಂತು, ಮೀನು ಮೂರು ಆಳುದ್ದ ಬೆಳೆದ ಮೇಲಷ್ಟೇ ಅವನಿಗೆ ಗೊತ್ತಾಯಿತು.

ಒಂದು ಮಧ್ಯಾಹ್ನ ಅವನು ಬೆಂಡಿನವಳ ಜಗುಲಿಗೆ ಬಂದ. ಅವಳು ಬೆಂಡಿಗೆ ದಾರ ಸುತ್ತುತ್ತಿದ್ದಳು. ಒಂದು ಕೈಯಲ್ಲಿ ಬೆಂಡು, ಇನ್ನೊಂದು ಕೈಯಲ್ಲಿ ದಾರದ ಉಂಡೆ, ದಾರದ ತುದಿ ತುಟಿಗಳ ನಡುವೆ ಬಿಗಿಯಾಗಿ. ಬಾಯಿ ಬಿಟ್ಟರೆ ಸುತ್ತಿದ್ದೆಲ್ಲ ಬಿಚ್ಚಿಹೋಗುತ್ತದೆ. ಯಜಮಾನ ಕಂಬಕ್ಕೊರಗಿ ಕುಳಿತ. ಕುಳಿತವನು ಕಥೆ ಶುರು ಮಾಡಿದ. ಅವಳೇನು ಮಾಡಬೇಕು? ದೊಡ್ಡವರು ಕಥೆ ಹೇಳಿದರೆ ಹೂಂಗುಟ್ಟುವುದು ಮರ್ಯಾದೆ.

"ಒಂದಿನ ಮಡುವಿನ ಕಲ್ಲಿನ ಮೇಲೆ ನಿಂತೆ ಕಣಮ್ಮ."

"ಹೂಂ."

"ನೀರು ಕನ್ನಡಿ ಇದ್ದಂಗಿತ್ತು."

"ಹೂಂ."

"ಮೀನು ಬಂತು. ನನ್ನ ತೋಳುದ್ದ."

"ಹೂಂ."

"ತೋಳಲ್ಲ, ನನ್ನಷ್ಟೇ ಎತ್ತರ ಅಂದ್ಕೋ."

"ಹೂಂ."

"ಮನೆಗೆ ತಂದೆ. ಹಾಕಿದ್ದು ಹಾಕಿದಂಗೇ ಇತ್ತು. ಉಣ್ಣೋಕೆ ಯಾರಿದಾರೆ? ಮನೆ ಭಣಭಣ ಅಂತಿತ್ತು."

"ಹೂಂ."

"ಈ ಮನೆಗೆ ಒಬ್ಬಳು ಬೇಕು ಅನ್ನಿಸ್ತು."

"ಹೂಂ."

"ಅವಳು ನೀನೇ ಅನ್ನಿಸ್ತು. ಬರ್ತೀಯ ತಾನೆ?"

ಬೆಂಡಿನವಳು ಆಗ ಕೊನೆಯ ಸುತ್ತಿನಲ್ಲಿದ್ದಳು. ಕೊನೆಯ ಸುತ್ತು ಜಾರಿದರೆ ಮಧ್ಯಾಹ್ನವೆಲ್ಲ ಮಾಡಿದ್ದು ಹೊಳೆಪಾಲು. ಅವಳ ಮನಸ್ಸೆಲ್ಲ ಬೆರಳ ತುದಿಯಲ್ಲಿತ್ತು.

"ಹೂಂ" ಅಂದಳು.

ಯಜಮಾನ ಎದ್ದು, ಪಂಚೆ ಕೊಡವಿ, ಹೊರಟೇಹೋದ. ಕಥೆ ಇದೇನು ಇಷ್ಟು ಬೇಗ ಮುಗಿಯಿತು ಎಂದು ಅವಳಿಗೆ ಆಶ್ಚರ್ಯವಾಯಿತು, ಒಳಗೊಳಗೇ ಖುಷಿಯೂ ಆಯಿತು. ಗಂಟು ಹಾಕಿ, ದಾರವನ್ನು ಹಲ್ಲಲ್ಲಿ ಕಡಿದು, ಬೆಂಡನ್ನು ಬಿಸಿಲಿಗೆ ಹಿಡಿದು ನೋಡುತ್ತಿರುವಾಗ ಬೀದಿಯ ಕೊನೆಯಲ್ಲಿ ತಮಟೆ ಕೇಳಿತು. ಬೆಂಡಿನವಳು ಹೂಂ ಅಂದಳಂತೆ, ಮಡುವಿನ ಮನೆ ತುಂಬುತ್ತಾಳಂತೆ. ಪಕ್ಕದ ಮನೆಯವರು ಬಂದು, ಕೇಳದೆಯೇ ಅವಳ ತಲೆಗೆ ಹೂ ಮುಡಿಸಿ, ಬಾಯಿಗೆ ಬೆಲ್ಲ ಹಾಕಿ ಹೋದರು. ಬೆಲ್ಲ ಬಾಯಲ್ಲಿದ್ದ ಕಾರಣ ಅವಳಿಗೆ ಆಗಲೂ ಏನೂ ಹೇಳಲಾಗಲಿಲ್ಲ.

ಅವತ್ತು ಅವಳಿಗೆ ಊಟ ಸೇರಲಿಲ್ಲ. ಮಡುವಿನ ಮನೆ ಅವಳಿಗೆ ಗೊತ್ತಿತ್ತು. ಅಲ್ಲಿಗೆ ಹೋದ ಹೆಣ್ಣು ಒಳಕೋಣೆಯಲ್ಲಿ ಕುಳಿತು ತತ್ತಿಗೆ ಉಪ್ಪು ಹಚ್ಚಬೇಕು, ಹಚ್ಚುತ್ತಾ ಹೂಂಗುಟ್ಟಬೇಕು. ಬಂಡೆಯಿಲ್ಲ, ಬೆಂಡಿಲ್ಲ, ಹೊಳೆಗೆ ಬೈಯುವುದೂ ಇಲ್ಲ. ಒಂದು ಕಥೆಗೆ ಮರ್ಯಾದೆ ಕೊಟ್ಟ ತಪ್ಪಿಗೆ ಇಡೀ ಬದುಕನ್ನೇ ಕೊಡಬೇಕಾಯಿತಲ್ಲ ಎಂದು ಅವಳಿಗೆ ಅಳು ಬಂತು. ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಸಿಟ್ಟು ಬಂತು. ಸಿಟ್ಟು ಅಳುವಿಗಿಂತ ಬೆಚ್ಚಗಿತ್ತು. ಮರುದಿನ ಬೆಳಿಗ್ಗೆಯೇ ಬಾಯಿನೋಟದವನ ಮನೆಗೆ ಹೋಗಿ, "ನನ್ನ ಹೂಂ ನೋಡಬೇಕು" ಎಂದು ದೂರು ಕೊಟ್ಟಳು.

ಮೀನಿನ ಬಾಯಿ ನೋಡಿ ನೋಡಿ ಹಳಬನಾಗಿದ್ದ ಅವನು ಮನುಷ್ಯರ ಬಾಯಿ ನೋಡಿರಲಿಲ್ಲ. ಆದರೆ ಕಾನೂನು ಒಂದೇ ಆದ್ದರಿಂದ ನೋಟವೂ ಒಂದೇ ಆಗಬೇಕಾಯಿತು. ಊರೆಲ್ಲ ನದಿಯ ಮೆಟ್ಟಿಲ ಮೇಲೆ ಸೇರಿತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಬೆಕ್ಕುಗಳು ಎರಡೂ ಕಡೆ. ಮಡುವಿನ ಯಜಮಾನ ಹೊಸ ಪಂಚೆ ಉಟ್ಟು ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದ.

"ಹೂಂ ಅಂದದ್ದು ನಮ್ಮದು," ಎಂದು ಬಾಯಿನೋಟದವನು ರಾಗವಾಗಿ ಶುರುಮಾಡಿದ.

"ಅನ್ನದ್ದು ನದಿಯದು," ಎಂದು ಊರು ಮುಗಿಸಿತು.

"ಏನಮ್ಮಾ, ನೀನು ಹೂಂ ಅಂದ್ಯೋ ಇಲ್ವೋ?"

"ಅಂದೆ ಕಣಯ್ಯ. ಆದ್ರೆ ಅದು ಕಥೆಗೆ ಅಂದ ಹೂಂ. ಅವರು ಮಧ್ಯದಲ್ಲಿ ಮದುವೆ ತೂರಿಸಿದ್ರು. ದಾರ ಬಿಟ್ಟಂಗೆ ಬಿಟ್ಟು ಹೊರಗಿಂದ ಚುಚ್ಚಿದ್ರು. ಮೀನಿಗೂ ಹಿಂಗೇ ಮಾಡೋದು ಅವರು, ನಿನಗೂ ಗೊತ್ತು."

ಬಾಯಿನೋಟದವನಿಗೆ ಗೊತ್ತಿತ್ತು. ಅದಕ್ಕೇ ಅವನು ಕೆಮ್ಮಿದ. "ಕಥೆಯ ಹೂಂ ಬೇರೆ, ಮದುವೆಯ ಹೂಂ ಬೇರೆ ಅಂತ ಕಾನೂನಲ್ಲಿಲ್ಲ. ಹೂಂ ಬಾಯಿಂದ ಬಂತಾ ಇಲ್ವಾ, ಅಷ್ಟೇ ಲೆಕ್ಕ."

"ನನ್ನ ಬಾಯಲ್ಲಿ ದಾರ ಇತ್ತು."

"ದಾರ ಇದ್ರೆ ಹೂಂ ಎಲ್ಲಿಂದ ಬಂತು?"

"ಅದನ್ನ ನೀನೇ ನೋಡಿ ಹೇಳಬೇಕು. ನೋಡೋನು ನೀನಲ್ವಾ?"

ಇದು ನ್ಯಾಯವಾಗಿಯೇ ಇತ್ತು. ಬಾಯಿನೋಟದವನು ಎದ್ದು ಬಂದು, ಮೀನಿಗೆ ಹಿಡಿಯುವ ಹಾಗೆಯೇ ಅವಳ ಗಲ್ಲ ಹಿಡಿದು, ಒಂದು ಕಣ್ಣು ಮುಚ್ಚಿ, "ಬಾಯಿ ತೆಗಿ. ಹೂಂ ಅನ್ನು. ಎಲ್ಲಿಂದ ಬರುತ್ತೋ ನೋಡ್ತೀನಿ" ಅಂದ.

ಬೆಂಡಿನವಳು ಬಾಯಿ ತೆರೆದಳು. "ಆ" ಎಂದು ಬಂತು.

"ಆ ಅಲ್ಲ. ಹೂಂ."

"ಹೂ" ಎಂದು ಬಂತು.

"ಹೂ ಯಾರಿಗೆ ಬೇಕು? ಮುಡಿಯೋಕಾ? ಹೂಂ ಅನ್ನು."

ಅವಳು ಬಾಯಿ ಮುಚ್ಚಿದಳು. ಚೆಂದದೊಂದು ಹೂಂ ಬಂತು. ಆದರೆ ಬಾಯಿ ಮುಚ್ಚಿತ್ತು, ಒಳಗೆ ನೋಡಲಾಗಲಿಲ್ಲ. ಬಾಯಿನೋಟದವನು ತುಟಿ ಅಗಲಿಸಿದ, ಹೂಂ ನಿಂತುಹೋಯಿತು. ತುಟಿ ಬಿಟ್ಟ, ಹೂಂ ಮತ್ತೆ ಬಂತು. ಅಗಲಿಸಿದ, ನಿಂತಿತು. ಬಿಟ್ಟ, ಬಂತು. ಮನೆಯ ಕಿಟಕಿ ಪರೀಕ್ಷೆ ಮಾಡುವವನ ಹಾಗೆ ಬಹಳ ಹೊತ್ತು ತೆರೆದು ಮುಚ್ಚಿ ಮಾಡಿದ. ಕೊನೆಗೆ ಅನುಮಾನ ಬಂದು, ಅವಳನ್ನು ಬಿಟ್ಟು ತನ್ನದೇ ಮೂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಬಾಯಿ ಮುಚ್ಚಿ, ಹೂಂ ಅನ್ನಲು ನೋಡಿದ. ಮುಖ ಕೆಂಪಾಯಿತು, ಕಣ್ಣು ಹೊರಗೆ ಬಂತು, ಹೂಂ ಬರಲಿಲ್ಲ.

"ಮೂಗು!" ಅಂದ, ಹೆದರಿಕೊಂಡು.

ಊರು ಸುಮ್ಮನಿರಲಿಲ್ಲ. ಮೆಟ್ಟಿಲ ಮೇಲಿದ್ದವರೆಲ್ಲ ಮೂಗು ಹಿಡಿದುಕೊಂಡರು. ಗಂಡಸರು ಹಿಡಿದುಕೊಂಡರು, ಹೆಂಗಸರು ಹಿಡಿದುಕೊಂಡರು, ಮುದುಕರು ಒಬ್ಬರ ಮೂಗು ಇನ್ನೊಬ್ಬರು ಹಿಡಿದು ಸಹಾಯ ಮಾಡಿದರು. ಮೂಗು ಹಿಡಿದರೆ ಹೂಂ ಇಲ್ಲ, ಬಿಟ್ಟರೆ ಹೂಂ. ತಲೆತಲಾಂತರದಿಂದ ಊರಿನ ಒಪ್ಪಿಗೆಯೆಲ್ಲ, ಮನೆ, ದೋಣಿ, ಮದುವೆಯೆಲ್ಲ, ನೆಗಡಿ ಸೋರುವ ದಾರಿಯಲ್ಲೇ ಹೊರಗೆ ಬಂದಿತ್ತು.

ಮಡುವಿನ ಯಜಮಾನ ಮೇಲಿನ ಮೆಟ್ಟಿಲಿಂದ ಗದರಿದ. "ಮೂಗು ಬಾಯಿಯ ಮಗ್ಗುಲಲ್ಲೇ ಇದೆ. ಮಗ್ಗುಲ ಮನೆಯವರ ಸಾಕ್ಷಿ ಆಗಲ್ವೇ? ಹೂಂ ಅಂದ್ರೆ ಹೂಂ."

ಬಾಯಿನೋಟದವನು ಯೋಚಿಸಿದ. ಯಜಮಾನನ ಮೀನುಗಳ ದೊಡ್ಡ ದೊಡ್ಡ ತಲೆಗಳು ಅವನ ಕಣ್ಮುಂದೆ ತೇಲಿಹೋದವು. ಅವನ ಬಾಯಿ ಆಗಲೇ "ಅದೂ ಸರಿಯೇ" ಅನ್ನಲು ತಯಾರಾಗಿತ್ತು. ಇಲ್ಲಿಗೆ ಮುಗಿಯಿತು, ಇನ್ನು ಉಪ್ಪು ಹಚ್ಚುವುದೇ ಗತಿ ಅಂದುಕೊಂಡಳು ಬೆಂಡಿನವಳು.

ಅಷ್ಟರಲ್ಲಿ ಹೆಂಗಸರ ಕಡೆಯಿಂದ ಒಬ್ಬಳು ಎದ್ದು ನಿಂತಳು. ಬಾಯಿನೋಟದವನ ಹೆಂಡತಿ. ಇಷ್ಟು ವರ್ಷ ಮೀನಿನ ತಲೆಯ ಸಾರು ಮಾಡಿ ಮಾಡಿ ಅವಳ ಸೆರಗಿಗೂ ಅದೇ ವಾಸನೆ ಹತ್ತಿತ್ತು.

"ನಂದೂ ಮೂಗಿಂದೇ," ಅಂದಳು.

"ಏನೇ ಅದು?"

"ನೀನು ನನ್ನ ಕೇಳೋಕೆ ಬಂದ ದಿನ ನನಗೆ ನೆಗಡಿ. ಮೂಗು ಸೋರ್ತಿತ್ತು. ನಾನು ಹೂಂ ಅನ್ನಲಿಲ್ಲ ಮಾರಾಯ, ಮೂಗು ಏರಿಸ್ಕೊಂಡೆ, ಅಷ್ಟೇ. ಸೆರಗಲ್ಲಿ ಒರೆಸ್ಕೊಂಡು ತಲೆ ಎತ್ತೋದ್ರೊಳಗೆ ಹಾರ ತಂದಿದ್ರು."

ಮೆಟ್ಟಿಲ ಮೇಲೆ ಯಾರೂ ಉಸಿರಾಡಲಿಲ್ಲ. ಮೂಗು ಹಿಡಿದುಕೊಂಡಿದ್ದವರಿಗೆ ಉಸಿರಾಡಲೂ ಆಗುತ್ತಿರಲಿಲ್ಲ. ಆಮೇಲೆ ಇನ್ನೊಬ್ಬಳು ಎದ್ದಳು. ತನ್ನದು ಆಕಳಿಕೆ ಅಂದಳು. ಮತ್ತೊಬ್ಬಳು, ಒಳಗಿನಿಂದ ಅಮ್ಮ ಕರೆದದ್ದಕ್ಕೆ ಓಗೊಟ್ಟಿದ್ದೆ ಅಂದಳು. ಒಬ್ಬ ಮುದುಕಿ ಕೋಲೂರಿ ಎದ್ದು, ತಾನು ಹೂಂ ಅಂದದ್ದು ನಿಜವೇ, ಆದರೆ ಅದು ಹುಡುಗನ ಅಣ್ಣನಿಗೆ ಅಂದದ್ದು ಅಂದಳು. ಅಣ್ಣ ತೀರಿಹೋಗಿ ಬಹಳ ಕಾಲವಾಗಿತ್ತು. ತಮ್ಮ ಪಕ್ಕದಲ್ಲೇ ಕುಳಿತಿದ್ದ, ಅವನಿಗೆ ಕಿವಿ ಕೇಳುತ್ತಿರಲಿಲ್ಲ. ದೇವರು ದೊಡ್ಡವನು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ಕಾಲ ತಾವು ಹೂಂ ಅನ್ನಿಸಿಕೊಂಡು ಬದುಕಿದವರೆಂದು ಅವರು ನೆಮ್ಮದಿಯಾಗಿ ಗೊರಕೆ ಹೊಡೆದಿದ್ದರು. ಊರಿನಲ್ಲಿ ಇಲ್ಲಿಯ ತನಕ ಬಾಯಿಂದ ಒಪ್ಪಿದ್ದು ಅಂತ ಇದ್ದರೆ ಅದು ಮೀನು ಮಾತ್ರ. ಅದೂ ಎಲ್ಲ ಮೀನಲ್ಲ.

ಬಾಯಿನೋಟದವನು ಮೆಟ್ಟಿಲ ಮೇಲೆ ಕುಕ್ಕರಿಸಿದ. ಅವನು ಲಂಚಕೋರನೇ ಹೊರತು ಕೆಟ್ಟವನಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಸಿಟ್ಟಾಗಿರಲಿಲ್ಲ. ಬಹಳ ದಿನದಿಂದ ಕಾಲಿಗೆ ಚುಚ್ಚಿಕೊಂಡಿದ್ದ ಮುಳ್ಳು ತೆಗೆದವಳ ಹಾಗೆ ನಿಂತಿದ್ದಳು. ಅದನ್ನು ನೋಡಿ ಅವನಿಗೆ ನಿಜವಾಗಿಯೂ ದುಃಖವಾಯಿತು. ಎದ್ದು ನಿಂತು, ಪಂಚೆ ಎತ್ತಿ ಕಟ್ಟಿದ.

"ಹೂಂ ಅನ್ನದ್ದು ನದಿಯದು," ಅಂದ. ಈ ಸಲ ರಾಗವಿರಲಿಲ್ಲ. "ಹಿಡಿದೋರು ಹಿಡಿದೋರು ನೀರಿಗಿಳೀರಿ."

ಹಾಗೆ ಆ ಊರಿನ ಗಂಡಸರೆಲ್ಲ ಹೆಂಡಿರ ಕೈ ಹಿಡಿದುಕೊಂಡು ಮೊಣಕಾಲುದ್ದ ನೀರಿಗಿಳಿದರು. ನೀರು ಕೊರೆಯುತ್ತಿತ್ತು. ಕಾನೂನಿನ ಪ್ರಕಾರ ಹರಿವಿಗೆ ಎದುರಾಗಿ ನಿಲ್ಲಿಸಿದರು, ಎರಡು ಕೈಯಲ್ಲಿ ಹಿಡಿದರು, ಅವರಾಗಿ ಕೈ ಬಿಡಿಸಿಕೊಳ್ಳುವ ತನಕ ಕಾದರು. "ತಪ್ಪಾಯ್ತು ತಾಯಿ" ಎಂದು ಒಬ್ಬೊಬ್ಬರೇ ಅಂದರು. ಕಾಲಿನ ಸಂದಿಯಲ್ಲಿ ಏರುಮೀನುಗಳು ದಾರಿ ಬಿಡಿಸಿಕೊಂಡು ಮೇಲಕ್ಕೆ ಹೋಗುತ್ತಿದ್ದವು. ಅವುಗಳಿಗೆ ಆ ದಿನ ಯಾರ ಗಾಳದ ಕಾಟವೂ ಇರಲಿಲ್ಲ.

ಕೆಲವು ಹೆಂಗಸರು ತಕ್ಷಣ ಕೈ ಬಿಡಿಸಿಕೊಂಡು ಆಚೆ ದಡಕ್ಕೆ ಹೋದರು, ತಿರುಗಿಯೂ ನೋಡಲಿಲ್ಲ. ಕೆಲವರು, ಒಲೆ ಮೇಲೆ ಅನ್ನವಿದೆ, ಸೀದುಹೋಗುತ್ತದೆ ಎಂದು ಗೊಣಗುತ್ತಾ ಈಚೆ ದಡಕ್ಕೇ ಬಂದರು; ಬಂದಮೇಲೆ ಗಂಡ ಹೊಸದಾಗಿ ಕೇಳಬೇಕು, ಅವರು ಬಾಯಿ ತೆರೆದು "ಇರ್ತೀನಿ" ಅನ್ನಬೇಕು, ಹಾಗೆ ಮಾಡಿಕೊಂಡರು. ಒಬ್ಬಳು ಕೈ ಬಿಡಿಸಿಕೊಳ್ಳಲೇ ಇಲ್ಲ. ಯಾಕೆಂದು ಗಂಡ ಕೇಳಿದ್ದಕ್ಕೆ, "ಇಷ್ಟು ಹೊತ್ತು ನೀನು ಯಾವತ್ತು ಕೈ ಹಿಡಿದಿದ್ದೆ? ಇನ್ನೊಂಚೂರು ಹಿಡ್ಕೊ" ಅಂದಳು. ಅವನು ಚಳಿಗೆ ನಡುಗುತ್ತಾ ಹಿಡಿದುಕೊಂಡೇ ನಿಂತ.

ಬಾಯಿನೋಟದವನ ಹೆಂಡತಿ ನೀರಿನಲ್ಲಿ ತನ್ನ ಕೈ ಬಿಡಿಸಿಕೊಂಡು, ಎರಡು ಹೆಜ್ಜೆ ದೂರ ನಿಂತಳು. ಅವನು ಗಂಟಲು ಸರಿಮಾಡಿಕೊಂಡು ಕೇಳಲು ಹೋದ.

"ಮೊದ್ಲು ಬಾಯಿ ತೊಳ್ಕೊ," ಅಂದಳು. "ಆಮೇಲೆ ಕೇಳು."

ಅವನು ಬೊಗಸೆ ಬೊಗಸೆ ನೀರು ತೆಗೆದುಕೊಂಡು, ಊರೆಲ್ಲ ನೋಡುವ ಹಾಗೆ, ಮರಳಲ್ಲಿ ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಆಮೇಲೆ ಕೇಳಿದ.

"ನೋಡೋಣ," ಅಂದಳು ಅವಳು, ಬಾಯಿ ತೆರೆದೇ. ಅವನಿಗೆ ಅಷ್ಟೇ ಸಾಕಾಯಿತು, ಅಳುವಷ್ಟು ಸಂತೋಷವಾಯಿತು.

ಇಷ್ಟೆಲ್ಲ ಆಗುವಾಗ ಮಡುವಿನ ಯಜಮಾನ ಮೇಲಿನ ಮೆಟ್ಟಿಲು ಬಿಟ್ಟು ಕದಲಿರಲಿಲ್ಲ. ಬೆಂಡಿನವಳು ಕೆಳಗಿನ ಮೆಟ್ಟಿಲಲ್ಲಿ ಒಬ್ಬಳೇ ನಿಂತಿದ್ದಳು. ಕಾನೂನಿನ ಪ್ರಕಾರ ಚುಚ್ಚಿದವನೇ ಬಿಡಿಸಬೇಕು. ಅವನು ಬಿಡದಿದ್ದರೆ ಅವಳು ಇನ್ನೂ ಅವನ ಗಾಳದಲ್ಲೇ. ಅವನ ಕಾಲು ಒದ್ದೆಯಾದದ್ದನ್ನು ಊರು ಯಾವತ್ತೂ ಕಂಡಿರಲಿಲ್ಲ. ಅಷ್ಟು ಮೀನು ಹಿಡಿದವನು ಒಂದನ್ನೂ ನೀರಿಗೆ ಬಿಟ್ಟವನಲ್ಲ ಎಂಬುದು ಎಲ್ಲರಿಗೂ ಆಗಲೇ ಹೊಳೆದದ್ದು.

"ನೀರಿಗಿಳೀರಿ ಯಜಮಾನ್ರೇ," ಅಂದ ಬಾಯಿನೋಟದವನು, ತೊಳೆದ ಬಾಯಿಂದ.

"ನಿನಗೆ ತಲೆ ಬೇಡ್ವೇನೋ?"

"ಬೇಕು. ಸೊಪ್ಪಿನ ಸಾರು ಉಣ್ಣೋದು ಕಷ್ಟವೇ. ಆದ್ರೂ ಇಳೀರಿ."

ನೀರಿನಲ್ಲಿದ್ದ ಊರೆಲ್ಲ ಅವನ ಕಡೆ ತಿರುಗಿತು. ಯಜಮಾನ ಹೊಸ ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಬೆಕ್ಕು ನೀರಿಗಿಳಿದ ಹಾಗೆ ಇಳಿದ. ಬೆಂಡಿನವಳ ಎರಡೂ ಕೈ ಹಿಡಿದು ಹರಿವಿಗೆ ಎದುರಾಗಿ ನಿಲ್ಲಿಸಿದ. ತಪ್ಪಾಯ್ತು ಅನ್ನಬೇಕಾದ ಜಾಗದಲ್ಲಿ ಅವನು ಮೆಲ್ಲಗೆ, ತನ್ನ ಹಳೆಯ ದನಿಯಲ್ಲಿ ಶುರುಮಾಡಿದ.

"ಒಂದಿನ ಹಿಂಗೇ ನೀರಲ್ಲಿ ನಿಂತಿದ್ದೆ ಕಣಮ್ಮ."

ಅಭ್ಯಾಸಬಲ. ದಡದ ಮುದುಕರಿಂದ "ಹೂಂ" ಎಂದು ಬಂದೇಬಿಟ್ಟಿತು. ಬೆಂಡಿನವಳು ಹೂಂ ಅನ್ನಲಿಲ್ಲ.

"ನೀರು ಕನ್ನಡಿ ಇದ್ದಂಗಿತ್ತು."

ಅವಳು ಸುಮ್ಮನಿದ್ದಳು. ದಡವೂ ಸುಮ್ಮನಾಯಿತು.

"ಒಂದು ಮೀನು ಬಂತು. ನನ್ನ ತೋಳುದ್ದ... ಮೊಳದುದ್ದ."

ಯಾರೂ ಹೂಂ ಅನ್ನಲಿಲ್ಲ. ಹೂಂ ಇಲ್ಲದೆ ಅವನ ಕಥೆ ಹೆಜ್ಜೆ ಮುಂದಿಡಲಾರದೆ ಅಲ್ಲೇ ನಿಂತಿತು. ಮೀನು ಚಿಕ್ಕದಾಗುತ್ತಾ ಹೋಯಿತು, ಗೇಣಾಯಿತು, ಬೆರಳಾಯಿತು, ಕೊನೆಗೆ ಮೀನೇ ಇಲ್ಲದೆ ಬರೀ ನೀರು ಉಳಿಯಿತು. ಹೂಂ ಇಲ್ಲದೆ ಮಾತಾಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

"ತಪ್ಪಾಯ್ತು," ಅಂದ. ಆಮೇಲೆ ಸಣ್ಣ ದನಿಯಲ್ಲಿ, "ಮನೆ ಭಣಭಣ ಅಂತಿರೋದು ಮಾತ್ರ ಸುಳ್ಳಲ್ಲ. ಬರ್ತೀಯಾ?"

ಅವನು ಯಾರನ್ನಾದರೂ ನಿಜವಾಗಿ ಕೇಳಿದ್ದು ಅದೇ ಮೊದಲು. ಬೆಂಡಿನವಳಿಗೆ ಪಾಪ ಅನ್ನಿಸಿತು. ಆ ಪಾಪ ಎನ್ನುವುದು ಎದೆಯಿಂದೆದ್ದು, ಗಂಟಲಿಗೆ ಬಂದು, ಹಳೆಯ ದಾರಿ ಹಿಡಿದು ಮೂಗಿನ ಕಡೆ ತಿರುಗುವುದು ಅವಳಿಗೆ ಗೊತ್ತಾಯಿತು. ಇನ್ನೊಂದು ಕ್ಷಣವಾಗಿದ್ದರೆ ಬರೀ ದಾಕ್ಷಿಣ್ಯಕ್ಕೆ ಹೂಂ ಬಂದುಬಿಡುತ್ತಿತ್ತು. ಅವಳು ಕೈ ಬಿಡಿಸಿಕೊಂಡು, ಬಲಗೈಯಲ್ಲಿ ಗಟ್ಟಿಯಾಗಿ ಮೂಗು ಹಿಡಿದು, ನದಿಯ ಎರಡೂ ದಡಕ್ಕೆ ಕಾಣುವಷ್ಟು ಅಗಲ ಬಾಯಿ ತೆರೆದಳು.

"ಒಲ್ಲೆ," ಅಂದಳು.

ಆ ಊರಿನಲ್ಲಿ ಬೇಡ ಅನ್ನುವುದಕ್ಕೂ ಅಲ್ಲಿಯ ತನಕ ಉಹೂಂ ಅನ್ನುತ್ತಿದ್ದರು, ಅದೂ ಮೂಗಿನದೇ. ಈ ಮಾತನ್ನು ಬಹಳ ಮಂದಿ ಕೇಳಿಯೇ ಇರಲಿಲ್ಲ. ಬಾಯಿನೋಟದವನು ನೀರು ತಳ್ಳಿಕೊಂಡು ಹತ್ತಿರ ಬಂದ. ಅವಳ ಗಲ್ಲವನ್ನು ಈ ಸಲ ಮೆಲ್ಲಗೆ ಹಿಡಿದು ಬಿಸಿಲಿನ ಕಡೆ ತಿರುಗಿಸಿ, ಎರಡೂ ಕಣ್ಣು ತೆರೆದು, ತುಟಿ, ಹಲ್ಲು, ನಾಲಿಗೆ, ನಾಲಿಗೆಯ ಹಿಂದಿನ ಕತ್ತಲು ಎಲ್ಲವನ್ನೂ ನೋಡಿದ. ಅವಳು ಬಾಯಿ ಮುಚ್ಚಲಿಲ್ಲ. ಊರು ಕಾಯಿತು. ಮಡುವಿನ ಯಜಮಾನನೂ ಒದ್ದೆ ಪಂಚೆಯಲ್ಲಿ ನಿಂತು ಕಾದ.

ಬಾಯಿನೋಟದವನು ನೆಟ್ಟಗಾಗಿ ಅವನ ಕಡೆ ತಿರುಗಿದ. ಆಚೆ ದಡಕ್ಕೆ ಕೇಳುವ ಹಾಗೆ ಕೂಗಲಿಲ್ಲ, ಅವನೊಬ್ಬನಿಗೆ ಕೇಳುವಷ್ಟೇ ಹೇಳಿದ.

"ಒಳಗಿಂದಲೇ ಬಂದಿದೆ, ಯಜಮಾನ್ರೇ."